ಮಳೆ ಪುಸ್ತಕ ಎಕ್ಸೆಲ್‌ಗೆ: ಗೆರೆ, ಡಿಟ್ಟೊ, ಇಂಚಿನ ಗುರುತು

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಹಳೇ ಮಳೆ ಪುಸ್ತಕಗಳನ್ನು ಎಕ್ಸೆಲ್‌ಗೆ ಏರಿಸುವ ಕೆಲಸ ಎಪ್ಪತ್ತರ ದಶಕ ದಾಟಿದೆ. ಅಂಕಿ ಟೈಪ್ ಮಾಡುವುದು ಸುಲಭ. ಹೊತ್ತು ಹೋಗುತ್ತಿರುವುದೆಲ್ಲ ಅಂಕಿಗಳ ಮಧ್ಯದ ಗುರುತುಗಳಿಗೆ.

ಪುಸ್ತಕ ಬರೆದವರು ಆಗಿನ ರೈಟ್ರು, ಅಂದರೆ ತೋಟದ ಲೆಕ್ಕ ಬರೆಯುವವರು. ದಿನಕ್ಕೊಂದು ಸಾಲು: ತಾರೀಖು, ಮಳೆ, ಷರಾ. ಅವರ ಅಡ್ಡಗೆರೆಗೆ ಎರಡು ಕೆಲಸ. ಬರೀ ಗೆರೆ ಇದ್ದರೆ ಅವತ್ತು ಮಳೆ ಇಲ್ಲ. 1-10 ಎಂದಿದ್ದರೆ ಒಂದು ಇಂಚು ಹತ್ತು ಸೆಂಟ್. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಕ್ಸೆಲ್ ಮಾತ್ರ 1-10 ಎಂದು ಒತ್ತಿದ ತಕ್ಷಣ ಅದನ್ನು ಅಕ್ಟೋಬರ್ ಒಂದು ಮಾಡಿ ಕೂರಿಸುತ್ತದೆ! ಹಾಗಾಗಿ ಗೆರೆಯ ಜಾಗಕ್ಕೆ ಚುಕ್ಕಿ. ಅದರಲ್ಲೂ ಹುಷಾರಾಗಿರಬೇಕು: 1-5 ಅಂದರೆ 1.5 ಅಲ್ಲ, 1.05.

ಬರೀ ಗೆರೆಯ ಕಥೆ ಇನ್ನೂ ಸೂಕ್ಷ್ಮ. ಅದನ್ನು ಹಾಗೇ ಬಿಟ್ಟರೆ ಎಕ್ಸೆಲ್ ಅಕ್ಷರ ಎಂದುಕೊಂಡು ಸರಾಸರಿಯಿಂದ ಆ ದಿನವನ್ನೇ ಕೈಬಿಡುತ್ತದೆ. ಮಾರ್ಚ್‌ನಲ್ಲಿ ನಾಲ್ಕೇ ದಿನ ಮಳೆ ಬಂದು ಒಟ್ಟು 2 ಇಂಚು ಆಯಿತು ಅಂದುಕೊಳ್ಳಿ. ದಿನದ ಸರಾಸರಿ 0.50 ಎಂದು ಬರುತ್ತದೆ. 31 ದಿನಕ್ಕೆ ಹಂಚಿದರೆ ಅದು 0.06 ಅಷ್ಟೇ. ಒಟ್ಟು ಮಳೆ ಸರಿಯಾಗೇ ಇರುವುದರಿಂದ ಅನುಮಾನವೂ ಬರುವುದಿಲ್ಲ. ಗೆರೆ ಇದ್ದಲ್ಲೆಲ್ಲ ಈಗ 0 ಹಾಕಿದ್ದೇನೆ. ಪುಸ್ತಕದಲ್ಲಿ ಖಾಲಿ ಇದ್ದರೆ ಇಲ್ಲೂ ಖಾಲಿ, ಅವತ್ತು ಅಳತೆಯೇ ತೆಗೆದಿಲ್ಲ.

ಅಕ್ಕನ ಮಗಳು ಸ್ವಲ್ಪ ಪುಟಗಳನ್ನು ವರ್ಡ್‌ನಲ್ಲಿ ಟೈಪ್ ಮಾಡಿಕೊಟ್ಟಿದ್ದಳು. ಗೆರೆಯ ಎರಡೂ ಕಡೆ ಸ್ಪೇಸ್ ಕೊಟ್ಟು ಮುಂದಿನದನ್ನು ಟೈಪ್ ಮಾಡಿದರೆ ವರ್ಡ್ ಸುಮ್ನೆ ಇರುವುದಿಲ್ಲ, ಹೈಫನ್ನನ್ನು ಎನ್ ಡ್ಯಾಶ್ ಮಾಡುತ್ತದೆ. ಕಣ್ಣಿಗೆ ಕೂದಲೆಳೆಯಷ್ಟು ಉದ್ದ ಜಾಸ್ತಿ. ಕಂಪ್ಯೂಟರಿಗೆ ಬೇರೆಯದೇ ಗುರುತು, ಹೈಫನ್ ಹುಡುಕಿದರೆ ಸಿಗುವುದೇ ಇಲ್ಲ. ಎನ್ ಡ್ಯಾಶ್ 2013, ಎಮ್ ಡ್ಯಾಶ್ 2014, ಗಣಿತದ ಮೈನಸ್ 2212. ಇವು ಇಸವಿಗಳಲ್ಲ, ಯುನಿಕೋಡ್ ಸಂಖ್ಯೆಗಳು. ಕೀಬೋರ್ಡಿನಲ್ಲಿ ಇರುವುದು ಈ ಮೂರರಲ್ಲಿ ಒಂದೂ ಅಲ್ಲ. ಸುಲಭ ದಾರಿ ಅಂದರೆ ಫೈಲಿನಲ್ಲಿರುವ ಗೆರೆಯನ್ನೇ ಕಾಪಿ ಮಾಡಿ ಫೈಂಡ್ ಬಾಕ್ಸಿಗೆ ಹಾಕುವುದು.

ಡಿಟ್ಟೊ, ಅಂದರೆ ಮೇಲಿನದ್ದೇ ಎನ್ನುವ ಗುರುತು, ಹಾಗೇ ಇಡುವಂತಿಲ್ಲ. ಷರಾದಲ್ಲಿ "ಹೂಮಳೆ" (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಎಂದು ಬರೆದು ಕೆಳಗೆಲ್ಲ ಎರಡು ಗೀಟು ಎಳೆದಿದ್ದಾರೆ. ಮಳೆ ಜಾಸ್ತಿ ಇದ್ದ ದಿನ ಮೇಲೆ ಬರಲಿ ಎಂದು ಸಾಲುಗಳನ್ನು ಹಿಂದುಮುಂದು ಮಾಡಿದರೆ ಹೂಮಳೆಯ ಡಿಟ್ಟೊ ಹೋಗಿ ಜುಲೈ ಮಳೆಯ ಕೆಳಗೆ ಕೂರುತ್ತದೆ. ಅಂಥ ಕಡೆ ಪೂರ್ತಿ ಪದವನ್ನೇ ತುಂಬಿಸಿದೆ. ಇಂಚಿನ ಗುರುತೂ ಅದೇ ಎರಡು ಗೀಟು, ಉದ್ಧರಣೆಯದೂ ಅದೇ ಕೀ. ಸಿಎಸ್‌ವಿ ಫೈಲಿನಲ್ಲಿ (ಕಾಲಂಗಳ ಮಧ್ಯೆ ಅಲ್ಪವಿರಾಮ ಇರುವ ಬರೀ ಅಕ್ಷರದ ಫೈಲು) ಅದು ಬೇರೆಯೇ ಕೆಲಸ ಮಾಡುತ್ತದೆ: ಒಂದು ಕಾಲಂನ ಬರಹ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತೋರಿಸುತ್ತದೆ. ಆದ್ದರಿಂದ "ಇಂಚು" ಎಂದು ಕಾಲಂ ತಲೆಯಲ್ಲಿ ಒಂದೇ ಸಲ ಬರೆದು ಉಳಿದದ್ದನ್ನು ಅಳಿಸಿದೆ.

ಫೈಲಿಗೆ 1978/79 ಎಂದು ಹೆಸರಿಡಲು ವಿಂಡೋಸ್ ಬಿಡುವುದಿಲ್ಲ. ಅಲ್ಲಿ ಹೈಫನ್ನೇ ಸರಿ.

ಎಂಬತ್ತರ ದಶಕದ ಪುಸ್ತಕ ತೆರೆದು ನೋಡಿದೆ. ರೈಟ್ರು ಬದಲಾಗಿದ್ದಾರೆ. ಮಳೆ ಇಲ್ಲದ ದಿನಕ್ಕೆ "ನಿಲ್" ಎಂದು ಬರೆದಿದ್ದಾರೆ, ಪುಣ್ಯಾತ್ಮರು. ಆದರೆ ಇಂಚು, ಸೆಂಟಿನ ಮಧ್ಯೆ ಕೋಲನ್ ಇಟ್ಟಿದ್ದಾರೆ. 1:10 ಎಕ್ಸೆಲ್‌ಗೆ ಒಂದು ಗಂಟೆ ಹತ್ತು ನಿಮಿಷ, ಅಲ್ವಾ? ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟುಕೊಂಡು ಶುರು ಮಾಡಬೇಕು.