ಕಾರಿನ ಬಾಗಿಲಿಗೆ ಅಂಟಿಕೊಂಡ ಅಡುಗೆ ಭಟ್ಟರು

ಕಳೆದ ವರ್ಷ ತುಮಕೂರಿನಲ್ಲಿ ಒಂದು ಹಳೇ ವ್ಯಾಗನ್ ಆರ್ ತಗೊಂಡೆ. ಬೆಳ್ಳಿ ಬಣ್ಣದ್ದು. ಹಿಂದಿನ ಓನರ್ ಅಡುಗೆ ಕಾಂಟ್ರಾಕ್ಟ್ ಮಾಡುವವರು. ಹಾಗಾಗಿ ಎರಡೂ ಕಡೆಯ ಬಾಗಿಲುಗಳ ಮೇಲೆ ‘ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಅಡುಗೆ ಮಾಡಿಕೊಡಲಾಗುವುದು’ ಅಂತ ಅಂಗೈ ಅಗಲದ ಅಕ್ಷರಗಳ ಸ್ಟಿಕ್ಕರ್ ಹಾಕಿಸಿದ್ದರು, ಕೆಳಗೆ ಫೋನ್ ನಂಬರ್. ಕಾರು ಕೊಡುವ ಮುಂಚೆ ಪಾಪ ಅವರೇ ಸ್ಟಿಕ್ಕರ್ ಕಿತ್ತಿದ್ದರು. ಕಿತ್ತಿದ್ದರು ಅಂದರೆ, ಮೇಲಿನ ಹಾಳೆ ಬಂದಿತ್ತು, ಅಂಟು ಬಂದಿರಲಿಲ್ಲ. ಆ ಅಂಟಿಗೆ ರಸ್ತೆಯ ಧೂಳೆಲ್ಲ ಹತ್ತಿ ಕಪ್ಪಗಾಗಿ, ಸ್ಟಿಕ್ಕರ್ ಇದ್ದಾಗಿಗಿಂತ ಈಗಲೇ ಚೆನ್ನಾಗಿ ಓದಬಹುದಿತ್ತು. ಶಿರಾ ಗೇಟ್ ಹತ್ತಿರ ನಿಲ್ಲಿಸಿದ್ದಾಗ ಒಬ್ಬರು ಕಿಟಕಿ ತಟ್ಟಿ, ಮುನ್ನೂರು ಜನಕ್ಕೆ ಒಬ್ಬಟ್ಟಿನ ಊಟ ಅಂದ್ರೆ ಎಷ್ಟಾಗುತ್ತೆ ಅಂತ ಕೇಳಿದರು. ಅವತ್ತೇ ತೀರ್ಮಾನ ಮಾಡಿದೆ, ಈ ಅಂಟು ಹೋಗಲೇಬೇಕು.

ಮೊದಲು ಶಾಂಪೂ ಹಾಕಿ ತೊಳೆದೆ. ಧೂಳು ಹೋಯಿತು, ಅಂಟು ಹಾಗೇ ಇತ್ತು. ಒಂದೇ ದಿನದಲ್ಲಿ ಮತ್ತೆ ಕಪ್ಪಾಯಿತು.

ಆಮೇಲೆ ಮಾಡಿದ್ದು ದಡ್ಡ ಕೆಲಸ. ಮನೆಯ ಗೇಟಿಗೆ ಬಣ್ಣ ಹೊಡೆದಾಗ ಉಳಿದಿದ್ದ ಥಿನ್ನರ್ ಇತ್ತು. ಬನಿಯನ್ ಬಟ್ಟೆಗೆ ಹಾಕಿ ಮುಂದಿನ ಬಾಗಿಲು ಉಜ್ಜಿದೆ, ಅಂಟು ಬೆಣ್ಣೆಯ ಹಾಗೆ ಬಂತು. ಖುಷಿಯಾಗಿ ಹಿಂದಿನ ಎಡ ಬಾಗಿಲಿಗೂ ಅದನ್ನೇ ಹಾಕಿದೆ. ಅಲ್ಲಿ ಅಂಟಿನ ಜೊತೆ ಬಣ್ಣವೂ ಬಂತು! ಬಟ್ಟೆ ಪೂರ್ತಿ ಬೆಳ್ಳಿ, ಬಾಗಿಲ ಮೇಲೆ ಹಸು ನೆಕ್ಕಿದ ಹಾಗೆ ಒಂದು ಮಂಕು ಪಟ್ಟೆ.

ಮಾರನೇ ದಿನ ಟಿಂಕರಿಂಗ್ ಶೆಡ್‌ನ ಪೇಂಟರ್‌ಗೆ ತೋರಿಸಿದೆ. ಅವರು ಉಗುರಿನಲ್ಲಿ ಒಂದು ಸಲ ಗೀರಿ ನೋಡಿ ನಕ್ಕರು. ‘ಸಾರ್, ಇದು ಕಂಪನಿ ಪೇಂಟ್ ಅಲ್ಲ. ಯಾವಾಗಲೋ ಗುದ್ದಿದೆ, ಎನ್‌ಸಿ ಹೊಡೆದಿದ್ದಾರೆ. ಎನ್‌ಸಿಗೆ ಥಿನ್ನರ್ ಹಾಕೋದು ಬೆಲ್ಲಕ್ಕೆ ನೀರು ಹಾಕಿದ ಹಾಗೆ.’ ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್ ಅನ್ನುವ ಬಣ್ಣ. ವಿಷಯ ಇಷ್ಟೇ. ಕಾರ್ಖಾನೆಯಲ್ಲಿ ಹೊಡೆಯುವ ಬಣ್ಣವನ್ನು ಸುಮಾರು 140 ಡಿಗ್ರಿ ಬಿಸಿಯಲ್ಲಿ ಬೇಯಿಸುತ್ತಾರೆ, ಅದು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ, ಮತ್ತೆ ಸುಲಭಕ್ಕೆ ಕರಗುವುದಿಲ್ಲ. ಎನ್‌ಸಿ ಬಣ್ಣ ಹಾಗಲ್ಲ, ಥಿನ್ನರ್ ಆರಿ ಒಣಗಿರುತ್ತದೆ ಅಷ್ಟೇ, ಎಷ್ಟು ವರ್ಷವಾದರೂ ಮತ್ತೆ ಥಿನ್ನರ್ ಬಿದ್ದರೆ ಕರಗುತ್ತದೆ. ಹಳೇ ಕಾರಿನ ಯಾವ ಬಾಗಿಲು ಅಸಲಿ, ಯಾವುದು ಆಮೇಲೆ ಹೊಡೆದಿದ್ದು ಅಂತ ನಮಗೆ ಗೊತ್ತಿರುವುದಿಲ್ಲ. ಅದಕ್ಕೇ ಏನೇ ಹಾಕುವುದಿದ್ದರೂ ಮೊದಲು ಬಾಗಿಲಿನ ಕೆಳಗಿನ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಚೂರು ಹಚ್ಚಿ ನೋಡಿ. ಬೆಳ್ಳಿಯಂಥ ಮೆಟಾಲಿಕ್ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನುವ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ, ಹಾಗಾಗಿ ಬಟ್ಟೆಗೆ ಬಣ್ಣ ಬರಲೇಬಾರದು. ಬಂತಾ, ಅಲ್ಲಿಗೇ ನಿಲ್ಲಿಸಿ.

ಭಾನುವಾರ ಭಾವ ಬಂದರು. ‘ಪೆಟ್ರೋಲ್ ಹಾಕೋ, ಎರಡು ನಿಮಿಷದ ಕೆಲಸ’ ಅಂದರು. ಅವರ ಪಕ್ಕದಲ್ಲೇ ನಾನು, ಅಂಟು ಕಾಯಿಸಿ ನೋಡೋಣ ಅಂತ ಹೇರ್ ಡ್ರೈಯರ್ ಹಿಡಿದು ನಿಂತಿದ್ದೆ. ಪೆಟ್ರೋಲ್ ಆವಿಗೆ ಹತ್ತಿಕೊಳ್ಳಲು ಸೆಖೆಯೇ ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸಿಕ್ಕರೆ ಹತ್ತುತ್ತದೆ. ‘ಬೇಡ ಭಾವ, ನೀವು ಕಾಫಿ ಕುಡೀರಿ’ ಅಂದೆ.

ದಾರಿ ತೋರಿಸಿದ್ದು ಅಮ್ಮ. ಒಳಗೆ ಹಲಸಿನ ಹಣ್ಣು ಹೆಚ್ಚುತ್ತಾ ಕೂತಿದ್ದರು, ಕೈಗೆಲ್ಲ ಕೊಬ್ಬರಿ ಎಣ್ಣೆ. ನನ್ನ ಗೋಳು ಕೇಳಿ, ‘ಅಲ್ವೋ, ಹಲಸಿನ ಮೇಣ ನೀರಲ್ಲಿ ಹೋಗುತ್ತೇನೋ? ಎಣ್ಣೆ ಹಚ್ಚಿ ಸ್ವಲ್ಪ ಬಿಡು, ತಾನೇ ಬಿಡುತ್ತೆ’ ಅಂದರು. ನಿಜ ಅಲ್ವಾ? ಸ್ಟಿಕ್ಕರ್ ಅಂಟೂ ಅದೇ ಜಾತಿ, ನೀರಿಗೆ ಬಗ್ಗುವುದಿಲ್ಲ, ಎಣ್ಣೆ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ನೆರಳಿನ ಕಡೆಯ ಬಾಗಿಲಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಬಿಸಿಲಿನ ಕಡೆ ಮಾತ್ರ ವರ್ಷಗಟ್ಟಲೆ ಬೆಂದ ಅಂಟು, ಅದು ಜಗ್ಗಲಿಲ್ಲ. ಅಲ್ಲಿ ಪ್ಲಾಸ್ಟಿಕ್ ಹಾಳೆಯ ಚೂರುಗಳೂ ಉಳಿದಿದ್ದವು. ಸ್ಟಿಕ್ಕರ್ ಹಾಳೆಯ ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸಿರುವ ಎಣ್ಣೆಯಂಥ ಪದಾರ್ಥ ಬಿಸಿಲಿಗೆ ನಿಧಾನವಾಗಿ ಹೊರಟುಹೋಗುತ್ತದೆ, ಹಾಳೆ ಹಪ್ಪಳದ ಹಾಗೆ ಚೂರುಚೂರಾಗುತ್ತದೆ.

ಇದಕ್ಕೆ ನೀಲಗಿರಿ ಎಣ್ಣೆ ಬೇಕಾಯಿತು. ನೆಗಡಿಗೆ ಬಿಸಿನೀರಿಗೆ ಹಾಕಿ ಆವಿ ತಗೋತೀವಲ್ಲ, ಅದೇ. ಮೆಡಿಕಲ್ ಶಾಪಿನಲ್ಲಿ ಸಣ್ಣ ಬಾಟಲಿ ಸಿಗುತ್ತದೆ. ಕೊಬ್ಬರಿ ಎಣ್ಣೆಗಿಂತ ತೆಳು, ಅಂಟಿನೊಳಗೆ ಬೇಗ ಇಳಿಯುತ್ತದೆ. ಥಿನ್ನರ್‌ನಷ್ಟು ಒರಟೂ ಅಲ್ಲ. ಬೆಳಗ್ಗೆ ಎಂಟು ಗಂಟೆಗೆ, ತಗಡು ಇನ್ನೂ ತಣ್ಣಗಿರುವಾಗಲೇ ಶುರು ಮಾಡಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಚ್ಚಿದ್ದೆಲ್ಲ ಅಂಟಿಗೆ ಇಳಿಯುವ ಮೊದಲೇ ಆವಿಯಾಗುತ್ತದೆ. ಮೊದಲು ಕಾರು ತೊಳೆದು ಒರೆಸಬೇಕು, ಇಲ್ಲದಿದ್ದರೆ ಧೂಳೇ ಮರಳು ಕಾಗದವಾಗುತ್ತದೆ. ಪ್ಲಾಸ್ಟಿಕ್ ಚೂರು ಇರುವ ಕಡೆ ಹೇರ್ ಡ್ರೈಯರ್ ಆಡಿಸುತ್ತಾ, ಕೈ ಇಟ್ಟರೆ ಬಿಸಿ ಅನ್ನಿಸಬೇಕು, ಸುಡಬಾರದು, ಅಷ್ಟು ಕಾಯಿಸಿ ಚೂರುಗಳನ್ನು ಉಗುರಿನಲ್ಲಿ ಎಬ್ಬಿಸಿದೆ. ಆಮೇಲೆ ಡ್ರೈಯರ್ ಆಫ್ ಮಾಡಿ ದೂರ ಇಟ್ಟೆ, ಯಾಕಂದ್ರೆ ನೀಲಗಿರಿ ಎಣ್ಣೆಯೂ ಹತ್ತಿ ಉರಿಯುವಂಥದ್ದೇ. ತಗಡು ಆರಿದ ಮೇಲೆ ಹತ್ತಿಯಲ್ಲಿ ಎಣ್ಣೆ ಹಚ್ಚಿ, ಅದರ ಮೇಲೆ ಕತ್ತರಿಸಿ ತೊಳೆದ ನಂದಿನಿ ಹಾಲಿನ ಕವರ್ ಹಾಸಿ ಅಂಗೈಯಲ್ಲಿ ಒತ್ತಿದೆ. ಈ ಕವರ್ ಐಡಿಯಾ ನನ್ನದೇ, ಸ್ವಲ್ಪ ಜಂಬ ಇದೆ. ಕವರ್ ಇದ್ದರೆ ಎಣ್ಣೆ ಆರುವುದಿಲ್ಲ, ಜಾರಿ ಕೆಳಗೂ ಹರಿಯುವುದಿಲ್ಲ.

ಹತ್ತು ನಿಮಿಷ ಬಿಟ್ಟು, ಅವಧಿ ಮುಗಿದ ಎಟಿಎಂ ಕಾರ್ಡನ್ನು ಓರೆಯಾಗಿ ಹಿಡಿದು ತಳ್ಳಿದೆ. ಅಂಟು ಹಾಲಿನ ಕೆನೆಯ ಹಾಗೆ ಸುರುಳಿ ಸುತ್ತಿಕೊಂಡು ಬಂತು. ಬ್ಲೇಡ್ ಮಾತ್ರ ಮುಟ್ಟಬೇಡಿ. ಕ್ಲಿಯರ್ ಕೋಟ್ ಇರುವುದೇ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಕೂಡ ಬೇಡ. ಒರೆಸುವ ಬಟ್ಟೆಯ ಮಗ್ಗುಲು ಬದಲಿಸುತ್ತಲೇ ಇರಬೇಕು, ಇಲ್ಲಾಂದ್ರೆ ಒಂದು ಕಡೆಯ ಅಂಟನ್ನು ಇನ್ನೊಂದು ಕಡೆಗೆ ಬಳಿದ ಹಾಗಾಗುತ್ತದೆ. ಕೊನೆಗೆ ಉಳಿದ ಸಣ್ಣಪುಟ್ಟ ಚುಕ್ಕೆಗಳಿಗೆ ಹೊಸ ಪ್ಯಾಕಿಂಗ್ ಟೇಪ್ ಒತ್ತಿ ಒತ್ತಿ ಎಳೆದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೀಬೇಕು ಅಂತಾರಲ್ಲ, ಹಾಗೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೂ ಬರುತ್ತದೆ.

ಹಿಂದಿನ ಎಡ ಬಾಗಿಲಿಗೆ ನೀಲಗಿರಿ ಎಣ್ಣೆಯನ್ನೂ ಹಾಕಲಿಲ್ಲ, ಭಯ. ಅಲ್ಲಿ ಬರೀ ಕೊಬ್ಬರಿ ಎಣ್ಣೆ, ಮೂರು ಸಂಜೆ ಬೇಕಾಯಿತು. ಟೈಲ್ ಲ್ಯಾಂಪ್, ಹೆಡ್‌ಲೈಟ್ ಹತ್ತಿರ ಕೆಲಸ ಇದ್ದರೂ ಹುಷಾರು. ಅವು ಪ್ಲಾಸ್ಟಿಕ್, ಥಿನ್ನರ್ ತಾಗಿದರೆ ಒಳಗೆಲ್ಲ ಕೂದಲೆಳೆಯ ಬಿರುಕು ಬಿಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ನೀಲಗಿರಿ ಬಾಟಲಿಯನ್ನು ನೆಲದ ಮೇಲೆ ಇಟ್ಟು ಕೆಲಸ ಮಾಡಬೇಡಿ. ಸ್ವಲ್ಪ ಕುಡಿದರೂ ಅಪಾಯ.

ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಜಿಡ್ಡು ತೆಗೆದೆ. ಅದರ ಜೊತೆ ಬಣ್ಣದ ಮೇಲಿದ್ದ ವ್ಯಾಕ್ಸೂ ಹೋಗಿರುತ್ತದೆ, ಹಾಗಾಗಿ ಮೇಲೊಂದು ಕೈ ವ್ಯಾಕ್ಸ್. ಬಾಗಿಲು ಕನ್ನಡಿಯಾಯಿತು. ಕೈ ಆಡಿಸಿದರೆ ಎಲ್ಲೂ ತಡೆಯುವುದಿಲ್ಲ. ಮೂರು ದಿನ ಕಾರಿಗೆಲ್ಲ ನೆಗಡಿಯಾದ ಮನೆಯ ವಾಸನೆ.

ಆದರೆ ಒಂದು ಮಾತು ನನಗೆ ಯಾರೂ ಹೇಳಿರಲಿಲ್ಲ. ಸ್ಟಿಕ್ಕರ್ ಅಡಿಯ ಬಣ್ಣ ಇಷ್ಟು ವರ್ಷ ಬಿಸಿಲೇ ಕಂಡಿಲ್ಲ, ಸುತ್ತಲಿನದು ಮಾಸಿದೆ. ಅಂಟು ಹೋದರೂ ಅಕ್ಷರದ ನೆರಳು ಉಳಿಯಿತು. ರಬ್ಬಿಂಗ್ ಕಾಂಪೌಂಡ್ ಹಾಕಿ ಎರಡು ಸಲ ಪಾಲಿಶ್ ಮಾಡಿಸಿದೆ, ಮುಕ್ಕಾಲು ಭಾಗ ಹೋಯಿತು. ಇನ್ನೂ ಉಜ್ಜಿದರೆ ಕ್ಲಿಯರ್ ಕೋಟೇ ಹೋಗುತ್ತೆ ಸಾರ್ ಅಂತ ಪೇಂಟರ್ ಕೈ ಎತ್ತಿದರು. ನೇರ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಬೆಳಗ್ಗೆ ಏಳರ ಓರೆ ಬಿಸಿಲು ಬಿದ್ದಾಗ ಮಾತ್ರ ‘ಗೃಹಪ್ರವೇಶಕ್ಕೆ’ ಅನ್ನುವುದೂ, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯೂ ನಿಧಾನವಾಗಿ ಮೂಡುತ್ತವೆ.

ಹೋದ ವಾರ ಎದುರುಮನೆ ಆಂಟಿ ಹಾಲು ತರಲು ಹೋಗುವಾಗ ಕಾರಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ‘ನಮ್ಮ ಮಗಳ ಸೀಮಂತ ಇದೆ, ಎಂಬತ್ತು ಜನ. ಮೊದಲನೇ ಆರು ಅಂಕಿ ಎಷ್ಟಪ್ಪಾ?’