ಕಾಲು ಮಾತ್ರ ಉಳಿದ ಪಾತ್ರೆಗಳು

ಇಂಗ್ಲೆಂಡಿನ ಹೊಲಗಳಲ್ಲಿ ಮಧ್ಯಯುಗದ ಲೋಹದ ಅಡುಗೆ ಪಾತ್ರೆಗಳ ಚೂರು ಸಿಗುತ್ತಲೇ ಇರುತ್ತವೆ. ಇಡೀ ಪಾತ್ರೆ ಸಿಗುವುದು ಅಪರೂಪ. ಬಾಯಂಚಿನ ತುಂಡು, ಹಿಡಿಯ ತುಂಡು, ಮುರಿದ ಕಾಲು, ಅಷ್ಟೇ. ಜನ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದ್ದನ್ನು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ಅಲ್ಲಿನ ಯೋಜನೆಯವರು 1997ರಿಂದ ದಾಖಲಿಸುತ್ತಿದ್ದಾರೆ, ಫೋಟೊ, ಅಳತೆ, ತೂಕ ಎಲ್ಲ ಆನ್‌ಲೈನಿನಲ್ಲಿದೆ. ಮೈಸೂರಿನಲ್ಲಿ ಕೂತು ರಾತ್ರಿ ಊಟ ಆದ ಮೇಲೆ ನಾನು ನೋಡುವುದು ಅದನ್ನೇ.

ಆ ಪಾತ್ರೆಗಳಿಗೆ ಮೂರು ಕಾಲು. ನಮ್ಮ ಮಂಡ್ಯ ಕಡೆ ಹೊಲದಲ್ಲಿ ಅಡುಗೆ ಮಾಡುವಾಗ ಮೂರು ಕಲ್ಲು ಹೂಡುತ್ತಾರಲ್ವಾ, ಅಲ್ಲಿ ಆ ಕಲ್ಲುಗಳು ಪಾತ್ರೆಗೇ ಅಂಟಿಕೊಂಡು ಬಂದ ಹಾಗೆ. ನೆಲ ಏರುಪೇರಾಗಿದ್ದರೂ ಅಲುಗಾಡುವುದಿಲ್ಲ, ಕೆಂಡದ ಮೇಲೆ ಸೀದಾ ಇಡಬಹುದು.

ಇವು ಎರಕದ ಪಾತ್ರೆಗಳು. ತಾಮ್ರಕ್ಕೆ ಸೀಸ ಚೆನ್ನಾಗಿಯೇ ಸೇರಿಸುತ್ತಿದ್ದರು, ಸ್ವಲ್ಪ ತವರ, ಜೊತೆಗೆ ಆಂಟಿಮನಿ, ಆರ್ಸೆನಿಕ್ ಕೂಡ ಇರುತ್ತಿತ್ತು. ಸೀಸ ಇದ್ದರೆ ಕರಗಿದ ಲೋಹ ಅಚ್ಚಿನೊಳಗೆ ಸಲೀಸಾಗಿ ಹರಿಯುತ್ತದೆ. ಯಾರ್ಕ್ ನಗರದ ಬೆಡರ್ನ್ ಎಂಬಲ್ಲಿ ಅಗೆದಾಗ ಇಂಥ ಪಾತ್ರೆ ಎರೆಯುತ್ತಿದ್ದ ಜಾಗವೇ ಸಿಕ್ಕಿತು, ಒಡೆದ ಮಣ್ಣಿನ ಅಚ್ಚುಗಳ ಸಮೇತ. ಅಚ್ಚಿನ ಒಳಗಿನ ಮಣ್ಣಿಗೂ ಹೊರಗಿನ ಮಣ್ಣಿಗೂ ನಡುವಿನ ಸಂದು ಒಂದೇ ಸಮ ಇರಬೇಕು, ಇಲ್ಲದಿದ್ದರೆ ಪಾತ್ರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅದಕ್ಕೆ ಮಧ್ಯೆ ಪುಟ್ಟ ಚೌಕಾಕಾರದ ಲೋಹದ ಬಿಲ್ಲೆ ಇಡುತ್ತಿದ್ದರು. ಲೋಹ ಸುರಿದ ಮೇಲೆ ಬಿಲ್ಲೆ ಅಲ್ಲೇ ಸಿಕ್ಕಿಕೊಂಡಿತು. ಕೆಲವು ಚೂರುಗಳಲ್ಲಿ ಆ ಚೌಕ ಇವತ್ತಿಗೂ ಬೇರೆಯಾಗಿ ಕಾಣುತ್ತದೆ. ನಾಗಮಂಗಲದ ಎರಕದವರಿಗೆ ಈ ಫೋಟೊ ತೋರಿಸಬೇಕು ಅಂತ ನನಗೆ ತುಂಬಾ ಆಸೆ.

ಇನ್ನೂ ಇಷ್ಟವಾಗುವುದು ರಿಪೇರಿ. ತೂತು ಬಿದ್ದ ಕಡೆ ಕರಗಿದ ಲೋಹ ಸುರಿದಿದ್ದಾರೆ, ಅದು ಒಳಗೂ ಹೊರಗೂ ಹರಡಿ ಗಟ್ಟಿಯಾಗಿ ಕೂತಿದೆ. ನೋಡೋಕೆ ಚೆಂದ ಇಲ್ಲ, ಒರಟು. ಆದರೆ ಯಾವುದೋ ಮನೆಯಲ್ಲಿ ಆ ಪಾತ್ರೆ ಮತ್ತೆ ಒಲೆ ಏರಿತು.

ಹಾಗಿದ್ದರೆ ಉಳಿದದ್ದೆಲ್ಲ ಎಲ್ಲಿ ಹೋಯಿತು? ಕರಗಿತು. ಲೋಹಕ್ಕೆ ಬೆಲೆ ಇತ್ತು, ಕೆಟ್ಟ ಪಾತ್ರೆ ಮತ್ತೆ ಮೂಸೆಗೆ ಹೋಗುತ್ತಿತ್ತು, ಕೈತಪ್ಪಿದ ಚೂರು ಮಾತ್ರ ಮಣ್ಣಲ್ಲಿ ಉಳಿಯಿತು. ನಮ್ಮಲ್ಲೂ ಹಳೇ ಹಿತ್ತಾಳೆ ತೂಕಕ್ಕೆ ಹಾಕಿ ಸ್ಟೀಲ್ ತರುವುದು ಇದ್ದೇ ಇದೆ, ಅದನ್ನು ಬೇಡ ಅನ್ನುವುದಿಲ್ಲ. ಕೊಡುವ ಮುಂಚೆ ತಳ ತಿರುಗಿಸಿ, ತೇಪೆ ಇದ್ದರೆ ಒಂದು ಫೋಟೊ ತೆಗೆದು, ಯಾವ ಊರಿನ ಪಾತ್ರೆ ಅಂತ ಬರೆದು ನನಗೆ ಕಳಿಸಿ.