ಹಳೇ ಜಿಎಂಸಿ ಮೋಟರ್‌ಹೋಮ್‌ಗೆ ಯಾವ ಎಂಜಿನ್ ಒಳ್ಳೇದು?

ಜಿಎಂಸಿ ಮೋಟರ್‌ಹೋಮ್ (ಒಳಗೇ ಮನೆಯಂತೆ ಇರಬಹುದಾದ ಗಾಡಿ) ಕೊಂಡವರು, ಕೊಳ್ಳಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದೇ ಇದು: "455 ಇರೋದನ್ನ ತಗೊಳ್ಳಲಾ, 403 ಇರೋದಾ? ಇಲ್ಲಾ ಎರಡೂ ಬೇಡ ಅಂತ ಕ್ಯಾಡಿಲಾಕ್ 500 ಕೂರಿಸಲಾ?" ಈ ಅಂಕಿಗಳೆಲ್ಲ ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ.

ಗಾಡಿಯಲ್ಲಿರುವ ಎಂಜಿನ್ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ದುಡ್ಡನ್ನು ಚಕ್ರಗಳಿಗೆ ಶಕ್ತಿ ಕೊಡುವ ಕೊನೆಯ ಗೇರ್ ಜೋಡಿ, ಅಂದರೆ ಫೈನಲ್ ಡ್ರೈವ್‌ಗೆ ಹಾಕಿ. ನಾನು ಎಲ್ಲರಿಗೂ ಹೇಳುವುದು ಇಷ್ಟೇ.

ಅಮೆರಿಕದ ಜನರಲ್ ಮೋಟರ್ಸ್ ಈ ಗಾಡಿಯನ್ನು ತಯಾರಿಸಿದ್ದು 1973ರಿಂದ 1978ರ ಮಾಡೆಲ್‌ವರೆಗೆ ಮಾತ್ರ. ಇದಕ್ಕೆ ಮುಂದಿನ ಚಕ್ರಗಳಿಂದ ಎಳೆತ. ಎಂಜಿನ್, ಗೇರ್‌ಬಾಕ್ಸ್ ಎರಡೂ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ವಂಶದವು. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲದಿರುವುದರಿಂದಲೇ ನೆಲ ಅಷ್ಟು ತಗ್ಗಿನಲ್ಲಿದೆ. ಟರ್ಬೊ ಹೈಡ್ರಾಮ್ಯಾಟಿಕ್ 425 ಗೇರ್‌ಬಾಕ್ಸ್ ಎಂಜಿನ್ನಿನ ಪಕ್ಕದಲ್ಲೇ ಕೂತಿದೆ. ಅದಕ್ಕೆ ಶಕ್ತಿ ಹೋಗುವುದು ಅಗಲವಾದ ಚೈನ್ ಮೂಲಕ. ಬಲಚಕ್ರಕ್ಕೆ ಹೋಗುವ ಶಾಫ್ಟ್ ಎಂಜಿನ್ನಿನ ಅಡಿಯಲ್ಲೇ ಹಾಯುತ್ತದೆ, ಹಾಗಾಗಿ ಆಯಿಲ್ ಪ್ಯಾನ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಆಕಾರವೂ ಬೇರೆ. ಹೀಗಾಗಿ ಸಿಕ್ಕ ಸಿಕ್ಕ ಎಂಜಿನ್ ತಂದು ಕೂರಿಸಲು ಆಗುವುದಿಲ್ಲ.

ಮೊದಲು ಬಂದದ್ದು 455, ಅಂದರೆ 7.5 ಲೀಟರ್. 1977ರ ಮಾಡೆಲ್ ನಡುವೆ 403 ಬಂತು, 6.6 ಲೀಟರ್. 455ರಲ್ಲಿ ಪಿಸ್ಟನ್ನಿನ ಓಡಾಟ 4.25 ಇಂಚು, 403ರಲ್ಲಿ ಬರೀ 3.385. ಹಾಗಾಗಿ 455 ಕಡಿಮೆ ಸುತ್ತಿನಲ್ಲೇ ಭಾರ ಎಳೆಯುತ್ತದೆ, 403ಕ್ಕೆ ಸ್ವಲ್ಪ ಜಾಸ್ತಿ ಸುತ್ತು ಬೇಕು. 403ರ ಸಿಲಿಂಡರ್‌ಗಳು ಎಷ್ಟು ಅಗಲ ಅಂದರೆ ಅಕ್ಕಪಕ್ಕದವು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ನೀರು ಹರಿಯುವುದಿಲ್ಲ. ಬಿಸಿಯಾಗಲು ಬಿಡಬಾರದು. ರೇಡಿಯೇಟರ್, ಫ್ಯಾನ್ ಕ್ಲಚ್ ಸರಿಯಾಗಿದ್ದರೆ 403 ತುಂಬಾ ನಂಬಿಕಸ್ಥ ಎಂಜಿನ್. ಅದನ್ನು ಕಡೆಗಣಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಕ್ಯಾಡಿಲಾಕ್ 500. 8.2 ಲೀಟರ್, 1970ರಿಂದ 1976ರವರೆಗೆ ಎಲ್ಡೊರಾಡೊ ಕಾರಿನಲ್ಲಿತ್ತು. ಆ ಕಾರಿಗೂ ಇದೇ 425 ಗೇರ್‌ಬಾಕ್ಸ್, ಹಾಗಾಗಿ ಇದು ಜೋಡಿಸಬಹುದಾದ ಎಂಜಿನ್. ಎಲ್ಲರ ತಲೆಯಲ್ಲಿ ಕೂತಿರುವುದು 1970ರ 400 ಕುದುರೆಶಕ್ತಿ. 1976ರ ಹೊತ್ತಿಗೆ ಅದೇ ಎಂಜಿನ್ನಿನ ಲೆಕ್ಕ 190! ಒಂದಷ್ಟು ಇಳಿಕೆ ಅಳೆಯುವ ರೀತಿ ಬದಲಾಗಿದ್ದರಿಂದ. ಇನ್ನಷ್ಟು ಇಳಿಕೆ ನಿಜವಾದದ್ದೇ, ಏಕೆಂದರೆ 1971ರಲ್ಲಿ ಕಂಪ್ರೆಷನ್ (ಸಿಲಿಂಡರಿನಲ್ಲಿ ಇಂಧನ-ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 10ರಿಂದ 8.5ಕ್ಕೆ ಇಳಿಯಿತು. ಯಾವ ವರ್ಷದ್ದು ಅಂತ ಕೇಳದೆ 500 ಕೊಳ್ಳಬೇಡಿ. ಆಯಿಲ್ ಪ್ಯಾನ್ ಕೂಡ ಎಲ್ಡೊರಾಡೊದ್ದೇ ಬೇಕು.

ಈಗ ಲೆಕ್ಕ ನೋಡೋಣ, ನನಗೆ ಮುಖ್ಯವಾದದ್ದು ಇದೇ. 455ರಿಂದ 500ಕ್ಕೆ ಹೋದರೆ ಎಂಜಿನ್ನಿನ ಗಾತ್ರ ಸುಮಾರು ಶೇ. 10 ಹೆಚ್ಚುತ್ತದೆ. ಎಳೆಯುವ ಬಲವೂ ಹೆಚ್ಚುಕಡಿಮೆ ಅಷ್ಟೇ ಅಂತ ಇಟ್ಟುಕೊಳ್ಳಿ. ಗಾಡಿಯ ಮೂಲ ಫೈನಲ್ ಡ್ರೈವ್ 3.07, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನ ಶಾಫ್ಟ್ 3.07 ಸುತ್ತು ತಿರುಗಬೇಕು. ಅದನ್ನು 3.70 ಮಾಡಿದರೆ ಚಕ್ರಕ್ಕೆ ಸಿಗುವ ಬಲ ಶೇ. 20 ಜಾಸ್ತಿ. ಎಂಜಿನ್ ಮುಟ್ಟಲೇ ಇಲ್ಲ! 3.70 ಹಾಕಿದ 403, ಮೂಲ 3.07 ಇರುವ 455ಕ್ಕಿಂತ ಜೋರಾಗಿ ಏರು ಹತ್ತುತ್ತದೆ. ಬದಲಿಗೆ ಕೊಡಬೇಕಾದ್ದು ಸುತ್ತು: ಈ ಗೇರ್‌ಬಾಕ್ಸಿಗೆ ಓವರ್‌ಡ್ರೈವ್ (ಹೆದ್ದಾರಿಯಲ್ಲಿ ಎಂಜಿನ್ ಸುತ್ತು ಇಳಿಸುವ ಗೇರ್) ಇಲ್ಲ, ಹಾಗಾಗಿ 60 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 2,200 ಇದ್ದದ್ದು 2,650 ಆಗುತ್ತದೆ. 403ಕ್ಕೆ ಅದು ಖುಷಿಯ ಜಾಗ. 455 ಇದ್ದರೆ 3.42 ಸಾಕು ಅನ್ನುವುದು ನನ್ನ ಅಭಿಪ್ರಾಯ. ಬಯಲಿನಲ್ಲೇ ಓಡಾಡುವವರಿಗೆ 3.07 ಹಾಗೇ ಇರಲಿ.

ಜನರಲ್ ಮೋಟರ್ಸ್‌ನದೇ ಹೊಸ ಕಾಲದ ಎಲ್‌ಎಸ್ ಎಂಜಿನ್ ಹಾಕಬಹುದಲ್ವಾ ಅಂತಲೂ ಕೇಳುತ್ತಾರೆ. ಬೋಲ್ಟ್ ತೂತುಗಳು ಹೊಂದುವುದಿಲ್ಲ, ಅಡಾಪ್ಟರ್ ಬೇಕು, ವೈರಿಂಗ್ ಪೂರ್ತಿ ಬೇರೆ. ಮನೆಯಲ್ಲೇ ವರ್ಕ್‌ಶಾಪ್ ಇರುವವರಿಗೆ ಸರಿ. ಊರೂರು ಸುತ್ತುವ ಆಸೆಯಿಂದ ಗಾಡಿ ಕೊಂಡವರಿಗೆ ನಾನು ಹೇಳುವುದಿಲ್ಲ.

ಯಾವ ಎಂಜಿನ್ನೇ ಇರಲಿ, ಇಂಧನದ ರಬ್ಬರ್ ಹೋಸ್‌ಗಳನ್ನು ಮೊದಲ ಪ್ರಯಾಣಕ್ಕೆ ಮುಂಚೆಯೇ ಬದಲಾಯಿಸಿ. ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡಿ. ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ತಿನ್ನುತ್ತದೆ. ಎಂಜಿನ್ ಇರುವುದು ನಿಮ್ಮ ಸೀಟಿನ ಪಕ್ಕದ ಮುಚ್ಚಳದ ಕೆಳಗೆ, ಬಿಸಿ ಎಕ್ಸಾಸ್ಟ್ ಅಲ್ಲೇ ಇದೆ. ಒಂದು ಸೋರಿಕೆ ಸಾಕು ಬೆಂಕಿ ಹತ್ತಲು. ಆಮೇಲೆ ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಮಾಡಿಸಿ. ಎಂಟೂ ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಲೆಕ್ಕ ತೋರಿಸಿದರೆ ಎಂಜಿನ್ ಬದಲಿಸುವ ಮಾತೇ ಬೇಡ. ನಿಮ್ಮ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿದ್ದು, ಪ್ಯಾನ್ ಸಮೇತ ಒಳ್ಳೇ 500 ಕೈಗೆ ಸಿಕ್ಕರೆ ಮಾತ್ರ ಧೈರ್ಯವಾಗಿ ಅದನ್ನು ಹಾಕಿಸಿ.